ರಜೆಯಲ್ಲಿ ಸಿಕ್ಕ ಸೋಜಿಗ ಕಥೆಯಾಗದೆ ಕೂತಿದೆ, ಏನು ಮಾಡಲಿ?

ಪ್ರಶ್ನೆ: ನಾನು ದಾವಣಗೆರೆಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಟೀಚರ್. ಕಾಲೇಜಿನ ದಿನಗಳಿಂದಲೂ ಕಥೆ ಬರೆಯುತ್ತೇನೆ, ಕೆಲವು ಅಚ್ಚಾಗಿವೆ. ಶಾಲೆ ಇರುವಾಗ ಪತ್ರಿಕೆ ತಿದ್ದುವುದು, ಅಂಕ ತುಂಬುವುದು, ಮನೆಗೆಲಸ ಇದರಲ್ಲೇ ದಿನ ಮುಗಿಯುತ್ತದೆ. ಬರೆಯುವುದನ್ನೆಲ್ಲ ರಜೆಗೆ ಅಂತ ಎತ್ತಿಡುತ್ತೇನೆ. ಈ ದಸರಾ ರಜೆಗೆ ಚಿತ್ರದುರ್ಗದ ತವರಿಗೆ ಹೋಗಿದ್ದೆ. ಕೋಟೆ, ಚಂದ್ರವಳ್ಳಿ ನೋಡಿದ ಮೇಲೆ ಅಣ್ಣ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೂ ಕರೆದುಕೊಂಡು ಹೋದ. ಅಲ್ಲಿಯ ಅಶೋಕನ ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡ ಎಂಬುವನ ಹೆಸರಿದೆ ಅಂತ ತಿಳಿದಾಗ ಮೈ ಜುಂ ಎಂದಿತು. ಇದೇ ನನ್ನ ಕಥೆ ಅನ್ನಿಸಿತು. ಮೂರು ಪುಟ ಬರೆದೆ, ನಿಂತುಹೋಯಿತು. ರಜೆಯೂ ಮುಗಿಯಿತು. ಇಂಥ ಸೋಜಿಗಗಳು ಒಂದು ನೋಟ್‌ಬುಕ್ ತುಂಬ ಇವೆ. ಒಂದೂ ಕಥೆಯಾಗಿಲ್ಲ. ತಿಂಗಳು ರಜೆ ಹಾಕಿ ಎಲ್ಲಾದರೂ ದೂರ ಹೋಗಿ ಬರಿ ಅಂತ ಗೆಳತಿ ಹೇಳುತ್ತಾಳೆ. ನನಗೆ ಪ್ರತಿಭೆಯೇ ಇಲ್ಲವೇನೋ ಅನ್ನಿಸುತ್ತದೆ. ಹಾಗಂತ ಪೆನ್ನು ಕೆಳಗಿಟ್ಟಿಲ್ಲ. ಶಾಲೆಯ ವಾರ್ಷಿಕ ವರದಿ, ಹೆಡ್‌ಮಾಸ್ಟರ್ ಭಾಷಣ, ನಿವೃತ್ತರಾದವರಿಗೆ ಬಿನ್ನವತ್ತಳೆ ಎಲ್ಲ ನಾನೇ ಬರೆಯುವುದು, ಅದು ಬಿಡಿ. ದುರ್ಗದ ಬಗ್ಗೆ ದೊಡ್ಡವರೆಲ್ಲ ಬರೆದಾಗಿದೆ, ನನಗೇನು ಉಳಿದಿದೆ? ನಿಜವಾಗಿ ಇದ್ದ ಮನುಷ್ಯನ ಬಗ್ಗೆ ಎಷ್ಟು ಕಲ್ಪಿಸಬಹುದು? ಬರೆದ ಮೂರು ಪುಟ ಕಳಿಸಿದ್ದೇನೆ. ಚಂದ್ರವಳ್ಳಿಯಲ್ಲಿ ಸಿಕ್ಕ ಹಳೆಯ ಮಡಕೆಯ ಚೂರೊಂದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಅದನ್ನು ನೋಡುತ್ತಾ ಕೂತರೂ ಏನೂ ಹೊಳೆಯುತ್ತಿಲ್ಲ. ಯುಗಾದಿ ವಿಶೇಷಾಂಕಕ್ಕೆ ಕಳಿಸುವ ಆಸೆ ಇದೆ. (ಹೆಸರು ಬೇಡ ಎಂದಿದ್ದಾರೆ.)

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಒಳಗಿರುವ ಚಿಂತೆ ಮಾತ್ರ ಒಂದೇ. ಇಷ್ಟು ಒಳ್ಳೆಯ ವಸ್ತು ಸಿಕ್ಕಿತು, ರಜೆಯೂ ಸಿಕ್ಕಿತು, ಆದರೂ ಕಥೆ ಆಗಲಿಲ್ಲ ಅಂದರೆ ಕೊರತೆ ನನ್ನಲ್ಲೇ ಇರಬೇಕು ಅಂತ. ಹಾಗೇನಿಲ್ಲ. ನಿಮ್ಮ ಮೂರು ಪುಟ ಓದಿದೆ. ವಾಕ್ಯ ಕಟ್ಟುವುದು ನಿಮಗೆ ಚೆನ್ನಾಗಿ ಬರುತ್ತದೆ. ಬಂಡೆಯ ಕಾವು ಚಪ್ಪಲಿ ದಾಟಿ ಅಂಗಾಲಿಗೆ ತಾಗಿದ್ದನ್ನು ಬರೆದಿದ್ದೀರಲ್ಲ, ಆ ಸಾಲನ್ನು ಮತ್ತೊಮ್ಮೆ ಓದಿದೆ. ಪ್ರತಿಭೆಯ ಪ್ರಶ್ನೆ ಪಕ್ಕಕ್ಕಿಡಿ. ತೊಡಕು ಬೇರೆ ಕಡೆ ಇದೆ, ಅದನ್ನು ಬಿಡಿಸಬಹುದು. ಕಥೆ ಬರೆಯುತ್ತಾ, ವಿಶೇಷಾಂಕಗಳಿಗೆ ಬಂದ ಕಥೆಗಳನ್ನು ಆರಿಸುತ್ತಾ, ಕಮ್ಮಟಗಳಲ್ಲಿ ಹೊಸಬರ ಜೊತೆ ಕೂರುತ್ತಾ ಬಂದ ನನಗೆ ಈ ತೊಡಕು ಮತ್ತೆ ಮತ್ತೆ ಎದುರಾಗಿದೆ.

ಮೊದಲು ರಜೆಯ ಮಾತು. ರಜೆ ಬಂದರೆ ಬರೆಯಬಹುದು ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. ನಿಮ್ಮ ದಸರಾ ರಜೆಯನ್ನೇ ನೋಡಿ. ಹಬ್ಬಕ್ಕೆ ಮನೆ ತೊಳೆಯುವುದು, ಆಯುಧ ಪೂಜೆ, ಬನ್ನಿ ಕೊಡಲು ಮನೆಮನೆಗೆ ಹೋಗುವುದು, ತವರಿಗೆ ಬಂದ ನೆಂಟರು, ಮಕ್ಕಳ ತಿರುಗಾಟ. ಶಾಲೆಗೆ ರಜೆ ಅಂದರೆ ಹೆಣ್ಣುಮಕ್ಕಳಿಗೆ ಅಡುಗೆಮನೆಯ ಕೆಲಸ ಜಾಸ್ತಿ ಅಂತಲೇ ಲೆಕ್ಕ. ಅದೆಲ್ಲ ಮುಗಿದು ಉಳಿದ ಒಂದೆರಡು ದಿನದ ಮೇಲೆ ವರ್ಷದ ಬರವಣಿಗೆಯನ್ನೆಲ್ಲ ಹೇರಿದರೆ ಆ ದಿನಗಳಾದರೂ ಏನು ಮಾಡಬೇಕು? ಇನ್ನೂ ಒಂದು ಕಾರಣವಿದೆ. ಕಥೆಯನ್ನು ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟರೆ ಪಾತ್ರಗಳ ದನಿ ಕಿವಿಯಿಂದ ದೂರವಾಗುತ್ತದೆ. ರಜೆಯ ಮೊದಲ ದಿನಗಳು ಆ ದನಿಯನ್ನು ಹುಡುಕುವುದಕ್ಕೇ ಖರ್ಚು. ಸಿಕ್ಕಿತು ಅನ್ನುವಷ್ಟರಲ್ಲಿ ಶಾಲೆ ಶುರು.

ಗೆಳತಿ ಹೇಳಿದ ದಾರಿ ಕೆಲವರಿಗೆ ಸರಿಹೋಗುತ್ತದೆ. ಕಾದಂಬರಿಯೊಂದು ಮುಕ್ಕಾಲು ಮುಗಿದಿದೆ, ಕೊನೆ ಮುಟ್ಟಿಸಬೇಕು ಅನ್ನುವವರಿಗೆ ತಿಂಗಳ ಏಕಾಂತ ದೊಡ್ಡ ಸಹಾಯ. ನಿಮ್ಮ ಹಾಗೆ ಶುರುವಿನಲ್ಲೇ ನಿಂತವರಿಗೆ ಅದರಿಂದ ತೊಂದರೆಯೇ ಹೆಚ್ಚು. ಸಂಬಳ ಹೋಗುತ್ತದೆ, ಮನೆಯಲ್ಲಿ ಮಾತು ಬರುತ್ತದೆ. ಇಷ್ಟೆಲ್ಲ ಕಳೆದುಕೊಂಡು ಬಂದಿದ್ದೇನೆ, ಬರೆಯಲೇಬೇಕು ಅನ್ನುವ ಒತ್ತಡಕ್ಕೆ ಕೈ ಇನ್ನಷ್ಟು ಕಟ್ಟಿಹೋಗುತ್ತದೆ. ಖಾಲಿ ಹಾಳೆ ಇಟ್ಟುಕೊಂಡು ಹೋಗಿ, ಖಾಲಿ ಹಾಳೆಯನ್ನೇ ತಂದವರು ನನಗೆ ಗೊತ್ತು.

ನಾನು ಹೇಳುವುದು ಸಣ್ಣ ದಾರಿ. ದಿನಕ್ಕೆ ಅರ್ಧ ಪುಟ. ಬೆಳಗ್ಗೆ ಮನೆಯವರು ಏಳುವ ಮುಂಚೆಯೋ, ಶಾಲೆಯಲ್ಲಿ ಒಂದು ಫ್ರೀ ಪೀರಿಯಡ್‌ನಲ್ಲೋ. ಬರೆದು ಮೇಲೇಳುವಾಗ ನಾಳೆ ಏನು ಬರೆಯಬೇಕು ಅಂತ ಒಂದು ಸಾಲು ಗುರುತು ಹಾಕಿಡಿ. ಮರುದಿನ ಎಲ್ಲಿಂದ ಶುರು ಮಾಡಲಿ ಅಂತ ತಡಕಾಡುವುದು ತಪ್ಪುತ್ತದೆ. ಇದರಲ್ಲೂ ಒಂದು ಅಪಾಯ ಇದೆ. ತುಂಡು ತುಂಡಾಗಿ ಬರೆದಾಗ ದಿನಕ್ಕೊಂದು ದನಿ ಬಂದುಬಿಡುತ್ತದೆ. ಸೋಮವಾರದ ಪಾತ್ರ ಗಡುಸಾಗಿ ಮಾತಾಡಿದರೆ ಗುರುವಾರದ ಹೊತ್ತಿಗೆ ಮೆತ್ತಗಾಗಿರುತ್ತದೆ. ಅದಕ್ಕೆ ಬರೆಯುವ ಮುಂಚೆ ಹಿಂದಿನ ಪುಟವನ್ನು ಬಾಯಿಬಿಟ್ಟು ಓದಿಕೊಳ್ಳಿ. ಭಾನುವಾರ ಹೊಸದಾಗಿ ಬರೆಯಬೇಡಿ. ಇಡೀ ವಾರದ್ದನ್ನು ಒಟ್ಟಿಗೆ ಓದಿ ಸರಿಮಾಡಿ.

ಹಾಗಾದರೆ ರಜೆ ಯಾಕೆ? ನೋಡುವುದಕ್ಕೆ. ಬ್ರಹ್ಮಗಿರಿಗೆ ಹೋಗಿಬಂದಿದ್ದು ನಿಮ್ಮ ರಜೆಯ ಅತ್ಯಂತ ಒಳ್ಳೆಯ ಕೆಲಸ. ಆ ದಿನ ಒಂದು ಅಕ್ಷರ ಬರೆಯದಿದ್ದರೂ ನಷ್ಟವಿಲ್ಲ.

ಈಗ ಚಪಡನ ವಿಷಯಕ್ಕೆ ಬರೋಣ. ಇದು ನನಗೂ ತುಂಬಾ ಪ್ರೀತಿಯ ಸಂಗತಿ, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಸೋಜಿಗ ಸಿಕ್ಕರೆ ಕಥೆ ಸಿಕ್ಕಿತು ಅನ್ನುವುದು ಎರಡನೆಯ ತಪ್ಪು ನಂಬಿಕೆ. ಸೋಜಿಗ ಬರೀ ಸುದ್ದಿ. ಅದನ್ನು ಕೇಳಿದವರು ಹೌದಾ ಅನ್ನುತ್ತಾರೆ, ಇನ್ನೊಬ್ಬರಿಗೆ ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಹಿರಿಯೂರಿನ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು, ಆಮೇಲೆ ಕೋಡಿ ಬಿದ್ದಿದ್ದು 89 ವರ್ಷ ಕಳೆದು 2022ರಲ್ಲಿ. ಕೇಳಿದರೆ ಎಂಥವರಿಗೂ ಅಚ್ಚರಿ ಆಗುತ್ತದೆ. ಆದರೂ ಅದು ಇನ್ನೂ ಪೇಪರಿನ ಸುದ್ದಿಯೇ. ಕೋಡಿ ನೀರು ನೋಡಲು ಊರಿಗೆ ಊರೇ ಹೊರಟ ದಿನ ಒಬ್ಬಾಕೆ ಮಾತ್ರ ಬರುವುದಿಲ್ಲ ಅಂದಳು ಅನ್ನಿ, ಯಾಕೆ ಅಂತ ಕೇಳಬೇಕು ಅನ್ನಿಸುತ್ತದೆ ಅಲ್ವಾ? ಕಥೆ ಅಲ್ಲಿಂದ. ಯಾರಿಗೋ ಏನೋ ಬೇಕಾಗಿರಬೇಕು, ಅದು ಸುಲಭಕ್ಕೆ ಸಿಗುವಂತಿರಬಾರದು. ನಿಮ್ಮ ನೋಟ್‌ಬುಕ್ ತುಂಬ ಇರುವ ಸೋಜಿಗಗಳಲ್ಲಿ ಆ ಮನುಷ್ಯರು ಇನ್ನೂ ಬಂದಿಲ್ಲ.

ನಿಮ್ಮ ಮೂರು ಪುಟದಲ್ಲೂ ಆಗಿರುವುದು ಅದೇ. ಮೊದಲ ಪುಟದಲ್ಲಿ ಕಳಿಂಗ ಯುದ್ಧ. ಎರಡನೆಯದರಲ್ಲಿ ಮೌರ್ಯರ ರಾಜ್ಯ ಎಲ್ಲಿಂದ ಎಲ್ಲಿಯವರೆಗೆ ಇತ್ತು ಅನ್ನುವ ವಿವರ. ಚಪಡ ಬರುವುದು ಮೂರನೆಯ ಪುಟದ ಕೊನೆಗೆ. ಬಂದವನು ಬುತ್ತಿ ಬಿಚ್ಚಿ ರೊಟ್ಟಿ, ಹಸಿಮೆಣಸಿನಕಾಯಿ ಚಟ್ನಿ ತಿನ್ನುತ್ತಾನೆ. ಅಲ್ಲಿ ನಿಂತಿದ್ದೀರಿ. ಅಷ್ಟು ಹೊತ್ತು ನಿಮ್ಮೊಳಗಿನ ಟೀಚರ್ ಪಾಠ ಮಾಡುತ್ತಿದ್ದರು, ಕಥೆಗಾರ್ತಿ ತನ್ನ ಸರದಿಗೆ ಕಾದಿದ್ದರು. ಓದಿ ತಿಳಿದುಕೊಂಡಿದ್ದನ್ನು ಪೋಲು ಮಾಡಲು ಮನಸ್ಸು ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಅದನ್ನೆಲ್ಲ ನೀವು ತಿಳಿದಿದ್ದರೆ ಸಾಕು, ಓದುಗರಿಗೆ ಒಪ್ಪಿಸಬೇಕಾಗಿಲ್ಲ. ಮತ್ತೆ, ಆ ಚಟ್ನಿ ತೆಗೆಯಿರಿ. ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದಿದ್ದು ಪೋರ್ಚುಗೀಸರು ಕಾಲಿಟ್ಟ ಮೇಲೆ. ಶೇಂಗಾ, ಮೆಕ್ಕೆಜೋಳವೂ ಅಮೆರಿಕ ಖಂಡದಿಂದ ಬಂದವು. ಇವತ್ತು ನಮ್ಮ ಸೀಮೆಯ ಹೊಲಗಳಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಕಾಣುವ ಬೆಳೆ ಚಪಡನ ಕಾಲದಲ್ಲಿ ಇರಲಿಲ್ಲ.

ಚಪಡನ ಬಗ್ಗೆ ನಮಗೆ ಗೊತ್ತಿರುವುದನ್ನು ಮೂರು ಪಾಲು ಮಾಡಿಕೊಳ್ಳಿ. ಕಲ್ಲು ಏನು ಹೇಳುತ್ತದೆ, ಬಲ್ಲವರು ಏನು ಊಹಿಸುತ್ತಾರೆ, ಯಾರಿಗೂ ಗೊತ್ತಿಲ್ಲದ್ದು ಯಾವುದು.

ಕಲ್ಲು ಹೇಳುವುದು ಇಷ್ಟು. ಊರವರು ಅಕ್ಷರಗುಂಡು ಅನ್ನುವ ಬಂಡೆ ಅದು. ಶಾಸನ ತಜ್ಞ ಬಿ.ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಇದ್ದ ಶಾಸನಗಳನ್ನು ಪತ್ತೆ ಮಾಡಿದರು. ಕ್ರಿ.ಪೂ. 3ನೇ ಶತಮಾನದ ಬರಹ, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಿಂದ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಮಾತು ಅದು. ಕಾಗದ ಬರೆಯುವ ಹಾಗೆ ಮೊದಲು ಕ್ಷೇಮ ಸಮಾಚಾರ ಕೇಳುತ್ತದೆ. ತಂದೆ ತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ, ಶಿಷ್ಯ ಗುರುವನ್ನು ಗೌರವಿಸಲಿ ಅನ್ನುತ್ತದೆ. ಟೀಚರ್ ಆದ ನಿಮಗೆ ಈ ಕೊನೆಯ ಮಾತು ನಾಟಿರಬೇಕು. ಎಲ್ಲ ಮುಗಿದ ಮೇಲೆ, ಲಿಪಿಕಾರ ಚಪಡ ಬರೆದಿದ್ದು ಅಂತ ಸಹಿ. ಆ ಸಹಿಯಲ್ಲೇ ಒಂದು ವಿಶೇಷ ಇದೆ. ಲಿಪಿಕಾರ ಅನ್ನುವ ಮಾತನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆದಿಲ್ಲ, ಖರೋಷ್ಠಿಯಲ್ಲಿ ಬರೆದಿದೆ. ಬ್ರಾಹ್ಮಿ ಎಡದಿಂದ ಬಲಕ್ಕೆ ಹೋಗುತ್ತದೆ, ಖರೋಷ್ಠಿ ಬಲದಿಂದ ಎಡಕ್ಕೆ. ಅಷ್ಟೂ ಸಾಲು ಒಂದು ದಿಕ್ಕಿಗೆ ಹೋಗುತ್ತಿದ್ದ ಬರಹ ತನ್ನ ಕೆಲಸದ ಹೆಸರು ಬಂದಾಗ ದಿಕ್ಕು ಬದಲಿಸಿದೆ.

ಬಲ್ಲವರ ಊಹೆ ಎರಡನೆಯದು. ಖರೋಷ್ಠಿ ಬಳಕೆಯಲ್ಲಿದ್ದುದು ವಾಯವ್ಯದ ಗಾಂಧಾರದ ಕಡೆ. ಅಶೋಕನ ಶಹಬಾಜ್‌ಗಢಿ, ಮಾನ್ಸೆಹ್ರಾ ಶಾಸನಗಳು ಆ ಲಿಪಿಯಲ್ಲಿವೆ. ಹಾಗಾಗಿ ಚಪಡ ಆ ಕಡೆಯವನೋ, ಅಲ್ಲಿ ಕೆಲಸ ಕಲಿತವನೋ ಇರಬೇಕು ಅನ್ನುತ್ತಾರೆ.

ಮೂರನೆಯದು ಯಾರಿಗೂ ಗೊತ್ತಿಲ್ಲದ್ದು. ಅವನ ವಯಸ್ಸೆಷ್ಟು? ಬರೆದಿದ್ದು ಅವನು, ಕಡೆದಿದ್ದೂ ಅವನೇನಾ? ಮನೆ ಬಿಟ್ಟು ಎಷ್ಟು ಕಾಲವಾಗಿತ್ತು? ವಾಪಸ್ ಹೋದನೇ? ಈ ಕಡೆಯ ಜನರಿಗೆ ಓದಲು ಬಾರದ ಲಿಪಿಯಲ್ಲಿ ಆ ಮಾತನ್ನು ಯಾರಿಗೆಂದು ಬರೆದ? ನಿಮಗೆ ಸ್ವಾತಂತ್ರ್ಯ ಇರುವುದು ಈ ಪಾಲಿನಲ್ಲಿ. ಎಷ್ಟು ಕಲ್ಪಿಸಬಹುದು ಅಂತ ಕೇಳಿದ್ದೀರಿ. ಮೊದಲನೆಯ ಪಾಲನ್ನು ಮುರಿಯದೆ, ಎರಡನೆಯದನ್ನು ಸುಮ್ನೆ ತಳ್ಳಿಹಾಕದೆ, ಮೂರನೆಯದರಲ್ಲಿ ಎಷ್ಟು ಬೇಕಾದರೂ.

ಇನ್ನೊಂದು ವಿಷಯ ನಿಮ್ಮ ಪುಟಗಳಲ್ಲಿ ಇಲ್ಲ, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ. ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಅನ್ನುವ ಹೆಸರಿಲ್ಲ. ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇದೆ. ಆ ಬಿರುದಿನವನು ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು 1915ರಲ್ಲಿ ಸಿಕ್ಕ ರಾಯಚೂರು ಜಿಲ್ಲೆಯ ಮಸ್ಕಿ ಶಾಸನ. ಅಂದರೆ ನಮ್ಮ ಚಿತ್ರದುರ್ಗ ಜಿಲ್ಲೆಯ ಕಲ್ಲಿನಲ್ಲಿ ಮಾತಾಡಿದ ದೊರೆಯ ಹೆಸರಿಲ್ಲ, ಅದನ್ನು ಬರೆದುಕೊಟ್ಟವನ ಹೆಸರಿದೆ.

ಈಗ ನಿಮ್ಮ ಪತ್ರಕ್ಕೆ ವಾಪಸ್ ಹೋಗಿ. ವಾರ್ಷಿಕ ವರದಿ, ಹೆಡ್‌ಮಾಸ್ಟರ್ ಭಾಷಣ, ಬಿನ್ನವತ್ತಳೆ ಎಲ್ಲ ನಾನೇ ಬರೆಯುವುದು, ಅದು ಬಿಡಿ ಅಂದಿದ್ದೀರಿ. ಅದನ್ನು ಯಾಕೆ ಬಿಡಬೇಕು? ನೀವು ಬರೆದಿದ್ದನ್ನು ಇನ್ನೊಬ್ಬರು ಮೈಕಿನ ಮುಂದೆ ಓದುತ್ತಾರೆ, ಚಪ್ಪಾಳೆ ಬೀಳುತ್ತದೆ. ಬಿನ್ನವತ್ತಳೆಗೆ ಫ್ರೇಮ್ ಹಾಕಿಸಿ ಕೊಡುತ್ತಾರೆ. ಕೆಳಗೆ ಶಾಲೆಯ ಆಡಳಿತ ಮಂಡಳಿ ಮತ್ತು ಸಿಬ್ಬಂದಿ ವರ್ಗ ಅಂತ ಇರುತ್ತದೆ, ನಿಮ್ಮ ಹೆಸರು ಇರುವುದಿಲ್ಲ. ಅಷ್ಟೆಲ್ಲ ಬರೆದುಕೊಟ್ಟವರು ಬ್ರಹ್ಮಗಿರಿಯಲ್ಲಿ ಆ ಸಹಿಯ ಮುಂದೆ ನಿಂತಾಗ ಮೈ ಜುಂ ಎಂದಿತು. ಅದು ಸುಮ್ನೆ ಆಗಿದ್ದಲ್ಲ ಮೇಡಂ. ಅಶೋಕ, ಕಳಿಂಗ ಇವೆಲ್ಲ ಆಮೇಲೆ ಓದಿ ಸೇರಿಸಿದ್ದು. ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಆ ಸಹಿ. ಅದನ್ನು ಬಿಟ್ಟು ರಾಜ್ಯದ ಗಡಿ ವಿವರಿಸಲು ಹೋದಿರಿ, ಕಥೆ ನಿಂತಿತು.

ಈಗ ನಿಮ್ಮ ಮುಂದೆ ಎರಡು ಮೂರು ದಾರಿಗಳಿವೆ.

ಚಪಡನ ಕಾಲದ ಕಥೆಯನ್ನೇ ಬರೆಯಬಹುದು. ಆಗ ಅವನನ್ನು ಹತ್ತಿರದಿಂದ ನೋಡುವ ಇನ್ನೊಬ್ಬರನ್ನು ತನ್ನಿ. ಆ ಕಡೆ ಕಬ್ಬಿಣ ಬಳಸುತ್ತಿದ್ದ, ಸತ್ತವರಿಗೆ ದೊಡ್ಡ ಕಲ್ಲುಚಪ್ಪಡಿಗಳ ಗೋರಿ ಮಾಡುತ್ತಿದ್ದ ಜನ ಇದ್ದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದಾಗ ಆ ಗೋರಿಗಳು ಸಿಕ್ಕವು. ಅಂಥ ಒಂದು ಮನೆಯ ಹುಡುಗ ಬಂಡೆಯ ಹತ್ತಿರ ನೀರು ತಂದುಕೊಡುವ ಕೆಲಸಕ್ಕೆ ಬರುತ್ತಾನೆ ಅಂದುಕೊಳ್ಳಿ. ಅವನಿಗೆ ಯಾವ ಲಿಪಿಯೂ ಬಾರದು. ಆದರೆ ಕೊನೆಯ ದಿನ ಆ ಪರದೇಶಿಯ ಕೈ ತಿರುಗಾಮುರುಗಾ ಓಡಿದ್ದು ಅವನ ಕಣ್ಣಿಗೆ ಬೀಳುತ್ತದೆ. ಚೆನ್ನಾಗಿ ಬಂದರೆ ಬಹಳ ದೊಡ್ಡ ಕಥೆ. ಕಷ್ಟ ಏನೆಂದರೆ ಪ್ರತಿ ಸಾಲಿಗೂ ಪ್ರಶ್ನೆ ಏಳುತ್ತದೆ. ಏನು ಉಟ್ಟಿದ್ದರು, ಏನು ತಿಂದರು, ಯಾವ ಮಾತು ಆಡಿದರು. ಶಾಸನದ ಪ್ರಾಕೃತವೇ ಊರವರ ಮಾತು ಅಂತ ಹೇಳಲು ಬರುವುದಿಲ್ಲ. ಓದುವುದಕ್ಕೇ ತಿಂಗಳುಗಳು ಬೇಕು. ಓದಿದಷ್ಟೂ ಮತ್ತೆ ಪಾಠ ಮಾಡುವ ಆಸೆ ಹುಟ್ಟುತ್ತದೆ.

ಇಲ್ಲವೇ ಇವತ್ತಿನ ಕಥೆ ಬರೆಯಬಹುದು. ಬೇರೆಯವರ ಮಾತು ಬರೆದುಕೊಡುವ ಒಬ್ಬ ಟೀಚರ್. ಒಂದು ರಜೆಯಲ್ಲಿ ಆಕೆ ಆ ಬಂಡೆ ನೋಡುತ್ತಾಳೆ. ವಾಪಸ್ ಬಂದಾಗ ಇನ್ನೊಂದು ಬಿನ್ನವತ್ತಳೆ ಬರೆಯುವ ಸರದಿ ಬರುತ್ತದೆ. ಈ ಸಲ ಆಕೆ ಏನು ಮಾಡುತ್ತಾಳೆ? ನನ್ನನ್ನು ಕೇಳಿದರೆ ನೀವು ಇದನ್ನೇ ಮೊದಲು ಬರೆಯಬೇಕು. ಸ್ಟಾಫ್‌ರೂಮ್, ಫ್ರೇಮ್ ಹಾಕುವ ಅಂಗಡಿ, ಭಾಷಣ ಓದುವಾಗ ತಪ್ಪಿ ಉಚ್ಚರಿಸಿದ ಪದ ಕೇಳಿ ಹಿಂದಿನ ಸಾಲಿನಲ್ಲಿ ಕೂತವಳಿಗೆ ಆಗುವ ಸಂಕಟ, ಇದೆಲ್ಲ ನಿಮಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಚಪಡ ಈ ಕಥೆಯಲ್ಲಿ ಒಂದು ಪ್ಯಾರಾ ಬಂದರೆ ಸಾಕು. ಹೆಚ್ಚು ಬಂದರೆ ಅವನು ಕಥೆಗೆ ತೊಡಿಸಿದ ಒಡವೆಯಾಗುತ್ತಾನೆ.

ಈ ದಾರಿಯ ಅಪಾಯ ಬೇರೆ. ಹೆಡ್‌ಮಾಸ್ಟರ್ ಓದಿ, ಇದು ನಾನೇ ಅನ್ನಬಹುದು. ಹೆಸರು ಬದಲಿಸಿದರೆ ಸಾಕು ಅಂತ ಹಲವರು ತಿಳಿದಿದ್ದಾರೆ, ಸಾಕಾಗುವುದಿಲ್ಲ. ನಡೆಯುವ ರೀತಿ, ಊರು, ಮನೆಯ ಸಂಗತಿ, ಒಂದು ರೂಢಿಯ ಮಾತು, ಇಷ್ಟರಲ್ಲೇ ಜನ ಗುರುತು ಹಿಡಿಯುತ್ತಾರೆ. ಶಾಲೆಯ ಬದಲು ಸಹಕಾರಿ ಸಂಘ ಮಾಡಿ, ಗಂಡಸಿನ ಬದಲು ಹೆಂಗಸು ಮಾಡಿ, ಊರು ಬದಲಿಸಿ. ನಿಮ್ಮೊಳಗಿನ ಸಂಕಟ ಮಾತ್ರ ಹಾಗೇ ಇರಲಿ. ಹಾಗೆಯೇ, ಭಾಷಣ ಓದುವವನನ್ನು ಕೆಟ್ಟವನನ್ನಾಗಿ ಮಾಡಬೇಡಿ. ಅವನಿಗೂ ಏನೋ ಅಂಜಿಕೆ ಇರುತ್ತದೆ. ನಾಲ್ಕು ಜನರ ಮುಂದೆ ಮಾತು ಬಾರದೆ ಇರುವುದು ಸಣ್ಣ ನೋವಲ್ಲ. ಅದನ್ನೂ ಕಂಡರೆ ಕಥೆ ದೂರಿನ ಅರ್ಜಿ ಆಗುವುದಿಲ್ಲ.

ಎರಡೂ ಬೇಡ ಅನ್ನಿಸಿದರೆ ಪ್ರಬಂಧ ಬರೆಯಿರಿ. ಎಲ್ಲ ಸೋಜಿಗವೂ ಕಥೆಯಾಗಬೇಕಿಲ್ಲ. ನಿಮ್ಮ ನೋಟ್‌ಬುಕ್ಕಿನ ಅರ್ಧದಷ್ಟು ಸಂಗತಿಗಳಿಗೆ ಪ್ರಬಂಧವೇ ಸರಿಯಾದ ಜಾಗ ಅಂತ ನನ್ನ ಅಂದಾಜು.

ದುರ್ಗದ ಬಗ್ಗೆ ಎಲ್ಲ ಬರೆದಾಗಿದೆ ಅನ್ನುವ ಚಿಂತೆ ಬೇಡ. ಬರೆದಿರುವುದು ಹೆಚ್ಚಾಗಿ ನಾಯಕರ ಬಗ್ಗೆ, ಯುದ್ಧದ ಬಗ್ಗೆ, 1779ರಲ್ಲಿ ಹೈದರಾಲಿಗೆ ಕೋಟೆ ಸೋತ ಬಗ್ಗೆ. ಕೋಟೆಯೊಳಗೆ ಮದ್ದು ಅರೆಯುವ ಗುಂಡಿಯಲ್ಲಿ ಭಾರಿ ಬೀಸುವ ಕಲ್ಲುಗಳಿವೆ, ನೋಡಿರುತ್ತೀರಿ. ಅಲ್ಲಿ ದಿನಾ ಮದ್ದಿನ ಪುಡಿ ಮೈಗೆ ಮೆತ್ತಿಕೊಂಡು ಮನೆಗೆ ಹೋದವರ ಬಗ್ಗೆ ಎಷ್ಟು ಕಥೆ ಓದಿದ್ದೀರಿ? ಓಬವ್ವ, ಮದಕರಿ ಇಂಥವರ ಬಗ್ಗೆ ಬರೆಯುವಾಗ ಮಾತ್ರ ಹುಷಾರಾಗಿರಿ. ಅವರನ್ನು ಮನೆಯವರೆಂದು ತಿಳಿದ ಜನ ಇವತ್ತೂ ಇದ್ದಾರೆ. ಗೊತ್ತಿಲ್ಲದ ಕಡೆ ಕಲ್ಪಿಸಬಹುದು, ಅವರ ನಡತೆಗೆ ಮಸಿ ಬಳಿಯುವಂಥದ್ದನ್ನು ಸುಮ್ನೆ ಹುಟ್ಟಿಸಬಾರದು.

ಇನ್ನು ಆ ಮಡಕೆ ಚೂರು. ದಯವಿಟ್ಟು ವಾಪಸ್ ಕೊಡಿ. ಅಂಥ ಜಾಗದಿಂದ ಏನನ್ನೂ ಎತ್ತಿಕೊಂಡು ಬರುವಂತಿಲ್ಲ. ನೀವು ಆಸೆಯಿಂದ ತಂದಿದ್ದೀರಿ, ಅರ್ಥವಾಗುತ್ತದೆ. ಚಂದ್ರವಳ್ಳಿಯ ಅಗೆತದಲ್ಲಿ ಶಾತವಾಹನರ ನಾಣ್ಯ, ರೋಮನ್ನರ ಬೆಳ್ಳಿ ನಾಣ್ಯ ಸಿಕ್ಕಿವೆ. ಯಾವ ಪದರದಲ್ಲಿ, ಯಾವ ಮಡಕೆಗಳ ಜೊತೆ ಸಿಕ್ಕವು ಅನ್ನುವುದರಿಂದಲೇ ಅವು ಕಾಲ ಹೇಳುವುದು. ಜಾಗ ತಪ್ಪಿದ ಚೂರು ಯಾರಿಗೂ ಏನೂ ಹೇಳುವುದಿಲ್ಲ, ನಿಮ್ಮ ಮೇಜಿನ ಮೇಲೆ ಅದು ಸುಮ್ಮನಿರುವುದೂ ಅದಕ್ಕೇ. ಮುಂದಿನ ಸಲ ತವರಿಗೆ ಹೋದಾಗ ರಂಗಯ್ಯನ ಬಾಗಿಲ ಹತ್ತಿರದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕೇಳಿ. ಎಲ್ಲಿ ಸಿಕ್ಕಿತು ಅಂತ ನೆನಪಿರುವಷ್ಟನ್ನು ಬರೆದು ಜೊತೆಗೆ ಕೊಡಿ.

ವಿಶೇಷಾಂಕದ ಕೆಲಸ ಹಬ್ಬಕ್ಕೆ ಬಹಳ ಮುಂಚೆಯೇ ಶುರುವಾಗುತ್ತದೆ. ಕೊನೆಯ ದಿನಾಂಕ ನೋಡಿಕೊಳ್ಳಿ, ಅದಕ್ಕೋಸ್ಕರ ಓಡಬೇಡಿ. ಕಥೆ ಮುಗಿದ ಮೇಲೆ ಎರಡು ವಾರ ಮುಟ್ಟದೆ ಇಡಿ. ಆಮೇಲೆ ಟೀಚರ್ ಅಲ್ಲದ ಒಬ್ಬರಿಗೆ ಓದಲು ಕೊಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲಿ ಬೇಸರ ಬಂತು ಅಂತ ಕೇಳಿ. ಆ ಜಾಗಗಳನ್ನು ಕತ್ತರಿಸಿ. ಒಂದೇ ಕಥೆಯನ್ನು ಒಟ್ಟಿಗೆ ಎರಡು ಪತ್ರಿಕೆಗೆ ಕಳಿಸಬೇಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಯುಗಾದಿಗೆ ಆಗದಿದ್ದರೆ ದೀಪಾವಳಿ ವಿಶೇಷಾಂಕ ಇದ್ದೇ ಇದೆ.